360 ಕಿಲೋಮೀಟರಿಗೆ ಐದು ವಿಮಾನ

ಕೆನಡಾದ ನಕ್ಷೆಯಲ್ಲಿ ತೀರಾ ಮೇಲೆ, ಎಲ್ಸ್‌ಮೀರ್ ದ್ವೀಪದ ದಕ್ಷಿಣ ದಂಡೆಗೆ ಅಂಟಿಕೊಂಡಂತೆ ಗ್ರೀಸ್ ಫಿಯರ್ಡ್ ಎಂಬ ಹಳ್ಳಿಯಿದೆ. 2021ರ ಜನಗಣತಿಯ ಪ್ರಕಾರ ಅಲ್ಲಿ 144 ಜನ. ಆ ದೇಶದಲ್ಲಿ ಜನಸಾಮಾನ್ಯರು ಸಂಸಾರ ಹೂಡಿಕೊಂಡಿರುವ ಊರುಗಳ ಪೈಕಿ ಅದಕ್ಕಿಂತ ಉತ್ತರಕ್ಕೆ ಇನ್ನೊಂದಿಲ್ಲ. ಪೂರ್ವಕ್ಕೆ ಸಮುದ್ರ, ಸಮುದ್ರದಾಚೆ ಗ್ರೀನ್‌ಲ್ಯಾಂಡ್. ಅದರ ವಾಯವ್ಯ ಮೂಲೆಯಲ್ಲಿ ಆರುನೂರು ಚಿಲ್ಲರೆ ಜನರಿರುವ ಕಾನಾಕ್. ಎರಡೂ ಇನೂಯಿಟ್ ಜನರ ಊರುಗಳು. ಎರಡರಲ್ಲೂ ಸೀಲ್ ಮತ್ತು ನಾರ್ವಾಲ್ ಬೇಟೆ ಇಂದಿಗೂ ಅಡುಗೆಮನೆಯ ವಿಷಯ. ಮೂಗಿನ ನೇರಕ್ಕೆ ಅಳೆದರೆ ಇವುಗಳ ನಡುವೆ ಸುಮಾರು 360 ಕಿ.ಮೀ. ಬೆಂಗಳೂರಿನಿಂದ ಹುಬ್ಬಳ್ಳಿಗಿರುವ ವಾಯುದೂರ ಹೆಚ್ಚುಕಡಿಮೆ ಇಷ್ಟೇ. ಸಣ್ಣ ವಿಮಾನಕ್ಕೆ ಒಂದೂಕಾಲು ಗಂಟೆಯ ಹಾದಿ. ಆದರೆ ಟಿಕೆಟ್ ಕೊಂಡು ಹೋಗುವವರ ದಾರಿ ಬೇರೆ. ಮೊದಲು ಪಶ್ಚಿಮಕ್ಕೆ ತಿರುಗಿ ರೆಸಲ್ಯೂಟ್‌ಗೆ 385 ಕಿ.ಮೀ., ಅಲ್ಲಿಂದ ದಕ್ಷಿಣಕ್ಕೆ ಇಕಾಲುಇಟ್‌ಗೆ ಸುಮಾರು 1,575, ಬೇಸಿಗೆಯಾಗಿದ್ದು ಅದೃಷ್ಟವಿದ್ದರೆ ಅಲ್ಲಿಂದ ಗ್ರೀನ್‌ಲ್ಯಾಂಡಿನ ರಾಜಧಾನಿ ನೂಕ್‌ಗೆ 820, ಮತ್ತೆ ಉತ್ತರಕ್ಕೆ ಇಲುಲಿಸ್ಸಾಟ್‌ಗೆ 560, ಕೊನೆಗೆ ಕಾನಾಕ್‌ಗೆ 1,075. ಕೂಡಿದರೆ 4,400 ಕಿ.ಮೀ. ದಾಟುತ್ತದೆ. ಹುಬ್ಬಳ್ಳಿಯವರು ಬೆಂಗಳೂರಿಗೆ ಬರಲು ದೆಹಲಿ, ಕೋಲ್ಕತ್ತ, ಚೆನ್ನೈ ಸುತ್ತಿ ಬಂದರೆ ಎಷ್ಟಾಗುತ್ತದೋ ಅಷ್ಟು. ನೂಕ್ ವಿಮಾನ ಇಲ್ಲದ ತಿಂಗಳುಗಳಲ್ಲಿ ಒಟ್ಟಾವಾ, ಐಸ್‌ಲ್ಯಾಂಡ್ ಎಂದು ಅಟ್ಲಾಂಟಿಕ್ ದಾಟಿ ಬರಬೇಕು. ಆಗ ಲೆಕ್ಕ ಹತ್ತು ಸಾವಿರವನ್ನೂ ಮೀರುತ್ತದೆ.

ಹಾಗಾದರೆ ಈ ಎರಡು ಊರುಗಳ ನಡುವಿನ ದೂರ ಎಷ್ಟು? ಅಕ್ಷಾಂಶ ರೇಖಾಂಶ ಕೊಟ್ಟರೆ ಯಾವ ಕಂಪ್ಯೂಟರಾದರೂ ಕಣ್ಣು ಮಿಟುಕಿಸುವಷ್ಟರಲ್ಲಿ 360 ಎಂದು ಹೇಳುತ್ತದೆ. ಆ ಉತ್ತರದಲ್ಲಿ ತಪ್ಪಿಲ್ಲ, ಆದರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಭೂಮಿಯ ಎರಡು ಬಿಂದುಗಳ ನಡುವಿನ ಅಂತರ ಪ್ರಕೃತಿ ಕೊಟ್ಟದ್ದು. ಎರಡು ಊರುಗಳ ನಡುವಿನ ದೂರವನ್ನು ಮಾತ್ರ ಆಡಳಿತ ತೀರ್ಮಾನಿಸುತ್ತದೆ, ಉತ್ತರದ ಹಿಮನಾಡಿನಲ್ಲಂತೂ ಪೂರ್ತಿಯಾಗಿ ಅದೇ ತೀರ್ಮಾನಿಸಿದೆ ಎಂಬುದು ನನ್ನ ವಾದ. ದೂರವನ್ನು ಪಯಣಿಗನ ಮೈಗೆ ತಾಗುವ ಹಾಗೆ ಅಳೆಯುವುದು ಹೊಸ ಯೋಚನೆಯೇನೂ ಅಲ್ಲ. ಕಿಲೋಮೀಟರು ಬರುವ ಮೊದಲು ನಮ್ಮಲ್ಲಿ ಹರದಾರಿ, ಗಾವುದಗಳಿದ್ದವು. ಅವುಗಳ ಜೊತೆಗೇ ಒಪ್ಪೊತ್ತಿನ ದಾರಿ, ಮೂರು ದಿನದ ದಾರಿ ಎಂಬ ಮಾತೂ ಇತ್ತು. ನಾಯಿಬಂಡಿಯಲ್ಲಿ ತಿರುಗುತ್ತಿದ್ದ ಇನೂಯಿಟ್ ಜನ ದೂರವನ್ನು ನಿದ್ದೆಗಳಲ್ಲಿ ಎಣಿಸುತ್ತಿದ್ದರು: ದಾರಿಯಲ್ಲಿ ಎಷ್ಟು ಸಲ ಮಲಗಿ ಏಳಬೇಕೋ ಊರು ಅಷ್ಟು ದೂರ. ಹಿಮ ಗಟ್ಟಿಯಿದ್ದರೆ ನಿದ್ದೆ ಕಡಿಮೆ, ಬಿರುಕುಬಿಟ್ಟಿದ್ದರೆ ಹೆಚ್ಚು. ಅಂದರೆ ದೂರವೆಂಬುದು ಋತುವಿನ ಜೊತೆ ಹಿಗ್ಗಿ ಕುಗ್ಗುವ ಸಂಗತಿ ಎಂಬುದು ಅವರ ಅಳತೆಯಲ್ಲೇ ಸೇರಿಹೋಗಿತ್ತು. ಆ ಅಳತೆಗೋಲಿನಲ್ಲಿ ಈ ಎರಡು ಊರುಗಳಿರುವ ದಡಗಳ ನಡುವಿನ ದೂರ ನೂರೈವತ್ತು ವರ್ಷಗಳಲ್ಲಿ ಕುಗ್ಗಿಲ್ಲ. ವಿಮಾನ ಬಂದ ಮೇಲೂ ಕುಗ್ಗಿಲ್ಲ.

ನಕ್ಷೆಯೂ ಇಲ್ಲಿ ಕಣ್ಣಿಗೆ ಮಣ್ಣೆರಚುತ್ತದೆ, ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಗ್ರೀಸ್ ಫಿಯರ್ಡ್ ಇರುವುದು ಸುಮಾರು 76 ಡಿಗ್ರಿ 25 ನಿಮಿಷ ಉತ್ತರ ಅಕ್ಷಾಂಶದಲ್ಲಿ. ಕಾನಾಕ್ ಅದಕ್ಕಿಂತ ಒಂದು ಡಿಗ್ರಿಯಷ್ಟು ಮೇಲೆ. ರೇಖಾಂಶದಲ್ಲಿ ಇವುಗಳ ಅಂತರ ಹದಿಮೂರೂವರೆ ಡಿಗ್ರಿ. ಸಮಭಾಜಕದ ಮೇಲೆ ಅಷ್ಟು ಡಿಗ್ರಿ ಎಂದರೆ 1,500 ಕಿ.ಮೀ. ಆದರೆ ರೇಖಾಂಶಗಳು ಸುಲಿದ ಕಿತ್ತಳೆಯ ತೊಳೆಗಳಂತೆ. ನಡುವಿನಲ್ಲಿ ಅಗಲ, ತುದಿಗೆ ಹೋದಷ್ಟೂ ಕಿರಿದು. 60 ಡಿಗ್ರಿಯಲ್ಲಿ ಒಂದು ಡಿಗ್ರಿಯ ಅಗಲ ಅರ್ಧಕ್ಕಿಳಿದಿರುತ್ತದೆ, 77ರ ಹತ್ತಿರ ಬಂದಾಗ ಕಾಲು ಭಾಗಕ್ಕಿಂತಲೂ ಕಡಿಮೆ. ಹಾಗಾಗಿ ಆ 1,500 ಇಲ್ಲಿ 340ಕ್ಕೆ ಕುಸಿಯುತ್ತದೆ. ಉತ್ತರ ದಕ್ಷಿಣದ ನೂರಿಪ್ಪತ್ತು ಕಿ.ಮೀ. ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿದರೆ ಕರ್ಣ 360. ಶಾಲೆಯ ಗೋಡೆಯಲ್ಲಿ ತೂಗುವ ಮರ್ಕೇಟರ್ ನಕ್ಷೆ ಇದನ್ನು ತೋರಿಸುವುದಿಲ್ಲ. ಅದು ರೇಖಾಂಶಗಳನ್ನೆಲ್ಲ ಸಮಾನಾಂತರ ಕಂಬಗಳಂತೆ ನಿಲ್ಲಿಸಿಬಿಡುವುದರಿಂದ ಈ ಅಕ್ಷಾಂಶದಲ್ಲಿ ಎಲ್ಲವೂ ನಾಲ್ಕು ಪಟ್ಟಿಗೂ ಹೆಚ್ಚು ಹಿಗ್ಗಿ ಕಾಣುತ್ತದೆ. ಅಂಥ ನಕ್ಷೆಯ ಮುಂದೆ ಕುಳಿತ ಅಧಿಕಾರಿಗೆ ಕಾನಾಕ್ ಬೇರೆಯೇ ಖಂಡದಂತೆ ತೋರಿದರೆ ಆಶ್ಚರ್ಯವಿಲ್ಲ. ಗೋಳವನ್ನು ಕೈಯಲ್ಲಿ ಹಿಡಿದು ನೋಡಿದರೆ ಮಾತ್ರ ಒಂದು ವಿಚಿತ್ರ ಗೊತ್ತಾಗುತ್ತದೆ: ಗ್ರೀಸ್ ಫಿಯರ್ಡ್‌ಗೆ ತನ್ನದೇ ದೇಶದ ಅತಿ ಹತ್ತಿರದ ಊರಾದ ರೆಸಲ್ಯೂಟ್‌ಗಿಂತ ಪರದೇಶದ ಕಾನಾಕ್ ಇಪ್ಪತ್ತೈದು ಕಿ.ಮೀ. ಹತ್ತಿರ.

ವಿಮಾನಗಳು ಆ ನೇರ ಗೆರೆಯ ಮೇಲೆ ಏಕೆ ಹಾರುವುದಿಲ್ಲ ಎಂಬುದಕ್ಕೆ ಮೊದಲ ಉತ್ತರ ಇಡೀ ಉತ್ತರ ಕೆನಡಾದ ಜಾಲದ ಆಕಾರದಲ್ಲಿದೆ. 1999ರ ಏಪ್ರಿಲ್ 1ರಂದು ರೂಪುಗೊಂಡ ನುನಾವುಟ್ ಪ್ರಾಂತ್ಯದ ವಿಸ್ತಾರ ಇಪ್ಪತ್ತು ಲಕ್ಷ ಚದರ ಕಿ.ಮೀ. ಮೀರುತ್ತದೆ; ಜನ 37,000ಕ್ಕೆ ಸ್ವಲ್ಪ ಕಡಿಮೆ; ಊರುಗಳು 25. ಯಾವ ಊರಿನಿಂದಲೂ ಇನ್ನೊಂದು ಊರಿಗೆ ರಸ್ತೆಯಿಲ್ಲ. ಬೇಸಿಗೆಯ ಕೊನೆಗೆ ಹಡಗು ಬಂದು ವರ್ಷದ ಸಾಮಾನು ಇಳಿಸಿ ಹೋಗುತ್ತದೆ, ಉಳಿದದ್ದೆಲ್ಲ ಆಕಾಶದಿಂದಲೇ ಬರಬೇಕು. ಇಷ್ಟೊಂದು ವಿಮಾನವನ್ನೇ ನಂಬಿದ ನಾಡಿನಲ್ಲಿ ಊರು ಊರಿಗೂ ಹೆಣೆದ ಬಲೆಯಿರಬೇಕಿತ್ತು. ಇರುವುದು ಬಲೆಯಲ್ಲ, ಮೂರು ಬಾವಿಹಗ್ಗ. ಪೂರ್ವದ ಊರುಗಳ ಹಗ್ಗ ಒಟ್ಟಾವಾಕ್ಕೆ, ನಡುವಿನವುಗಳದು ವಿನ್ನಿಪೆಗ್‌ಗೆ, ಪಶ್ಚಿಮದವುಗಳದು ಯೆಲ್ಲೋನೈಫ್‌ಗೆ ಇಳಿಬಿಟ್ಟಿದೆ. ಸರಕು, ವೈದ್ಯರು, ಶಿಕ್ಷಕರು, ಅಧಿಕಾರಿಗಳು ದಕ್ಷಿಣದಿಂದ ಮೇಲಕ್ಕೆ. ರೋಗಿಗಳು, ಬಸುರಿಯರು, ಕಾಲೇಜಿಗೆ ಹೋಗುವವರು ಮೇಲಿನಿಂದ ಕೆಳಕ್ಕೆ. ಗ್ರೀಸ್ ಫಿಯರ್ಡ್‌ನಂಥ ಊರಿನ ಹೆಂಗಸು ಹೆರಿಗೆಗೆ ವಾರಗಳ ಮೊದಲೇ ಮನೆಮಕ್ಕಳನ್ನು ಬಿಟ್ಟು ವಿಮಾನ ಹತ್ತಬೇಕು. ಪಕ್ಕದೂರಿನ ಮದುವೆಗೋ ಸಾವಿಗೋ ಹೋಗಬೇಕಾದವರ ಲೆಕ್ಕವನ್ನು ಈ ಜಾಲ ಹೆಣೆದವರು ಹಿಡಿದೇ ಇಲ್ಲ. ರಾಜಧಾನಿ ಇಕಾಲುಇಟ್‌ನಿಂದ ಅದೇ ಪ್ರಾಂತ್ಯದ ಪಶ್ಚಿಮದ ಕೇಂಬ್ರಿಡ್ಜ್ ಬೇಗೆ ಹೋಗುವವರೂ ಸಾಮಾನ್ಯವಾಗಿ ಪ್ರಾಂತ್ಯದ ಗಡಿ ದಾಟಿ ಯೆಲ್ಲೋನೈಫ್ ಮುಟ್ಟಿ ಬರುತ್ತಾರೆ. ಗಡಿಯಾಚೆಯ ಕಾನಾಕ್ ಯಾರ ಲೆಕ್ಕದಲ್ಲಿರಲು ಸಾಧ್ಯ?

ಎರಡನೆಯ ಉತ್ತರ ನೆಲದ್ದು, ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನುನಾವುಟ್‌ನಲ್ಲಿ ಡಾಂಬರು ರನ್‌ವೇ ಇರುವುದು ಎರಡೇ ಕಡೆ, ಇಕಾಲುಇಟ್ ಮತ್ತು ರಾಂಕಿನ್ ಇನ್ಲೆಟ್. ಉಳಿದದ್ದೆಲ್ಲ ಜಲ್ಲಿ. ಗ್ರೀಸ್ ಫಿಯರ್ಡ್‌ನ ಜಲ್ಲಿ ಪಟ್ಟಿಯ ಉದ್ದ ಅರ್ಧ ಕಿ.ಮೀ. ಆಸುಪಾಸು, ಒಂದು ಬದಿಗೆ ಕಡಿದಾದ ಬೆಟ್ಟ, ಇನ್ನೊಂದು ಬದಿಗೆ ಸಮುದ್ರ. ಅಲ್ಲಿ ಇಳಿಯಬಲ್ಲದ್ದು ಟ್ವಿನ್ ಆಟರ್ ಎಂಬ ಎರಡು ಎಂಜಿನ್ನಿನ ಪುಟ್ಟ ವಿಮಾನ. 1965ರಲ್ಲಿ ಮೊದಲು ಹಾರಿದ ಈ ವಿನ್ಯಾಸ ಸ್ವಲ್ಪವೇ ಜಾಗದಲ್ಲಿ ಎದ್ದು ಇಳಿಯುವುದಕ್ಕೆಂದೇ ಹುಟ್ಟಿದ್ದು. ತುಂಬಿದರೆ 19 ಸೀಟು, ಆದರೆ ಉತ್ತರದಲ್ಲಿ ಸೀಟು ಕಳಚಿ ಹಾಲು, ಮೊಟ್ಟೆ, ಜನರೇಟರಿನ ಬಿಡಿಭಾಗ ತುಂಬುವುದೇ ಹೆಚ್ಚು. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಸೂರ್ಯ ಮೂಡುವುದಿಲ್ಲ. ಬೇಸಿಗೆಯಲ್ಲಿ ಬೆಳಕಿದ್ದರೆ ಮಂಜು. ಸಾಲದ್ದಕ್ಕೆ ಕಾಂತೀಯ ಧ್ರುವದ ಸಾಮೀಪ್ಯದಿಂದ ದಿಕ್ಸೂಚಿ ನಂಬುವಂತಿಲ್ಲ. ಇಲ್ಲಿ ರನ್‌ವೇಗಳ ಅಂಕಿಗಳನ್ನೂ ಕಾಂತೀಯ ಉತ್ತರದ ಬದಲು ನಿಜ ಉತ್ತರಕ್ಕೆ ಹೊಂದಿಸಿ ಬರೆಯುತ್ತಾರೆ. 2011ರ ಆಗಸ್ಟ್ 20ರಂದು ಯೆಲ್ಲೋನೈಫ್‌ನಿಂದ ಬಂದ ಬೋಯಿಂಗ್ 737 ಒಂದು ರೆಸಲ್ಯೂಟ್‌ನಲ್ಲಿ ಇಳಿಯುವಾಗ ರನ್‌ವೇಯ ಪೂರ್ವಕ್ಕೆ ಸರಿದು ಗುಡ್ಡಕ್ಕೆ ಬಡಿಯಿತು. ಅದರಲ್ಲಿದ್ದ 15 ಜನರಲ್ಲಿ 12 ಜನ ಸತ್ತರು. ದಿಕ್ಕು ತೋರಿಸುವ ವ್ಯವಸ್ಥೆಯಲ್ಲಿ ನುಸುಳಿದ ದೋಷವೂ ಕಾರಣಗಳ ಸರಪಳಿಯಲ್ಲಿತ್ತೆಂದು ತನಿಖೆ ಹೇಳಿತು. ಇಷ್ಟಾದರೂ ಈ ಕಷ್ಟಗಳೆಲ್ಲ ರೆಸಲ್ಯೂಟ್ ಮಾರ್ಗಕ್ಕೂ ಅಷ್ಟೇ ಅನ್ವಯಿಸುತ್ತವೆ ಎಂಬುದನ್ನು ಮರೆಯಬಾರದು. ಅದೇ ಟ್ವಿನ್ ಆಟರ್ ಅದೇ ಕತ್ತಲೆ ಮಂಜಿನಲ್ಲಿ ಪಶ್ಚಿಮಕ್ಕೆ 385 ಕಿ.ಮೀ. ಹಾರುತ್ತಿದೆ. ಕಾನಾಕ್‌ನ ರನ್‌ವೇ ಗ್ರೀಸ್ ಫಿಯರ್ಡ್‌ನದಕ್ಕಿಂತ ಉದ್ದ. ನೆಲವಾಗಲೀ ಗಾಳಿಯಾಗಲೀ ಪೂರ್ವಕ್ಕೆ ಹಾರಬೇಡ ಎಂದು ಹೇಳಿಲ್ಲ.

ಹಾಗಿದ್ದರೆ ಹೇಳಿದವರು ಯಾರು? ಇದಕ್ಕೆ 1953ನೇ ಇಸವಿಗೆ ಹೋಗಬೇಕು. ಆ ವರ್ಷ ಕೆನಡಾ ಸರ್ಕಾರ ಕ್ವಿಬೆಕ್‌ನ ಇನುಕ್ಜುವಾಕ್‌ನಿಂದ ಕೆಲವು ಇನೂಯಿಟ್ ಕುಟುಂಬಗಳನ್ನು ಹಡಗಿಗೆ ಹತ್ತಿಸಿ ಸುಮಾರು 2,000 ಕಿ.ಮೀ. ಉತ್ತರಕ್ಕೆ ತಂದು ಗ್ರೀಸ್ ಫಿಯರ್ಡ್ ಪ್ರದೇಶದಲ್ಲೂ ರೆಸಲ್ಯೂಟ್‌ನಲ್ಲೂ ಇಳಿಸಿತು. ಆ ನೆಲದ ಪರಿಚಯವಿದ್ದವರೆಂದು ಪಾಂಡ್ ಇನ್ಲೆಟ್‌ನ ಕೆಲವರನ್ನೂ ಜೊತೆಗೆ ಕಳಿಸಿತು. ಒಳ್ಳೆಯ ಬೇಟೆ ಸಿಗುತ್ತದೆ, ಒಗ್ಗದಿದ್ದರೆ ಎರಡು ವರ್ಷದಲ್ಲಿ ವಾಪಸು ಎಂಬ ಮಾತು ಕೊಟ್ಟಿದ್ದರು, ಉಳಿಸಿಕೊಳ್ಳಲಿಲ್ಲ. 1955ರಲ್ಲಿ ಇನ್ನಷ್ಟು ಜನರನ್ನು ತಂದರು. ಜನವಸತಿಯಿಲ್ಲದ ದ್ವೀಪಗಳ ಮೇಲೆ ಕೆನಡಾದ ಹಕ್ಕನ್ನು ಗಟ್ಟಿಮಾಡುವ ಉದ್ದೇಶವೂ ಇದರ ಹಿಂದಿತ್ತೆಂದು 1990ರ ದಶಕದಲ್ಲಿ ವಿಚಾರಣೆ ನಡೆಸಿದ ರಾಯಲ್ ಕಮಿಷನ್ ಅಭಿಪ್ರಾಯಪಟ್ಟಿತು. 2010ರ ಆಗಸ್ಟ್‌ನಲ್ಲಿ ಸರ್ಕಾರ ಕ್ಷಮೆ ಕೇಳಿತು. ಅದೇ 1953ರಲ್ಲಿ ಸಮುದ್ರದ ಆಚೆ ದಡದಲ್ಲಿ ಇನ್ನೊಂದು ಎತ್ತಂಗಡಿ ನಡೆಯುತ್ತಿತ್ತು. ಅಮೆರಿಕದ ಥೂಲೆ ವಾಯುನೆಲೆಗೆ ಜಾಗ ಬೇಕೆಂದು ಡೆನ್ಮಾರ್ಕ್ ಸರ್ಕಾರ ಪಿಟುಫಿಕ್ ಸುತ್ತಲಿನ ಇನೂಯಿಟ್ ಕುಟುಂಬಗಳನ್ನು ಕೆಲವೇ ದಿನಗಳ ಗಡುವು ಕೊಟ್ಟು ನೂರಕ್ಕೂ ಹೆಚ್ಚು ಕಿ.ಮೀ. ಉತ್ತರಕ್ಕೆ ಅಟ್ಟಿತು. ಅವರು ಹೋಗಿ ನೆಲೆಸಿದ ಊರೇ ಇಂದಿನ ಕಾನಾಕ್. 1999ರಲ್ಲಿ ಡೆನ್ಮಾರ್ಕಿನ ನ್ಯಾಯಾಲಯ ಅದು ಬಲವಂತದ ಸ್ಥಳಾಂತರ ಎಂದು ತೀರ್ಪು ಕೊಟ್ಟಿತು, ಅದೇ ವರ್ಷ ಪ್ರಧಾನಿ ಕ್ಷಮೆ ಕೇಳಿದರು. ಒಂದೇ ವರ್ಷ, ಎರಡು ಸರ್ಕಾರ, ಎದುರುಬದುರಾಗಿ ಎರಡು ಊರು. ಈ ಊರುಗಳು ದುರ್ಗಮ ಜಾಗದಲ್ಲಿವೆ, ನಾವೇನು ಮಾಡೋಣ ಎಂದು ಅವೇ ಸರ್ಕಾರಗಳು ಕೈಚೆಲ್ಲುವುದನ್ನು ಕಂಡರೆ, ಮಗುವನ್ನು ಮರದ ಮೇಲೆ ಕೂರಿಸಿ ಏಣಿ ತೆಗೆದವನು ಮರ ಎತ್ತರವಾಯಿತು ಎಂದಂತೆ ಕಾಣುತ್ತದೆ.

1953ಕ್ಕೂ ಮೊದಲು ಎರಡು ದಡಗಳ ನಡುವಿನ ಈ ನೀರು ಅಡ್ಡಿಯಾಗಿರಲಿಲ್ಲ. ಎಲ್ಸ್‌ಮೀರ್ ಮತ್ತು ಗ್ರೀನ್‌ಲ್ಯಾಂಡ್ ನಡುವೆ ಚಳಿಗಾಲದಲ್ಲೂ ಹೆಪ್ಪುಗಟ್ಟದೆ ಉಳಿಯುವ ಪಿಕಿಯಲಾಸೊರ್ಸುವಾಕ್ ಎಂಬ ತೆರೆನೀರಿನ ಹರವಿದೆ. ಸೀಲ್, ವಾಲ್ರಸ್, ಹಕ್ಕಿಗಳಿಗೆ ಅದೇ ಉಗ್ರಾಣ, ಹಾಗಾಗಿ ಎರಡೂ ದಡದ ಬೇಟೆಗಾರರಿಗೂ. ಅದರ ಉತ್ತರದ ಅಂಚಿನಲ್ಲಿ, ಜಲಸಂಧಿ ಕಿರಿದಾಗುವಲ್ಲಿ, ಹಿಮದ ಕಮಾನು ಕಟ್ಟಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕಿತ್ಲಾರ್ಸುವಾಕ್ ಎಂಬ ಶಾಮನ್ ಬಾಫಿನ್ ದ್ವೀಪದ ಕಡೆಯ ಒಂದು ಗುಂಪನ್ನು ನಾಯಿಬಂಡಿಗಳಲ್ಲಿ ಇದೇ ಹಿಮದ ಮೇಲೆ ಗ್ರೀನ್‌ಲ್ಯಾಂಡಿಗೆ ಕರೆದೊಯ್ದ; ಕಾನಾಕ್ ಸೀಮೆಯ ಎಷ್ಟೋ ಮನೆತನಗಳು ತಮ್ಮ ಮೂಲವನ್ನು ಆ ಪಯಣಕ್ಕೆ ಒಯ್ದು ಮುಟ್ಟಿಸುತ್ತವೆ. ಈಗ ಆ ಕಮಾನು ಕೆಲವು ವರ್ಷ ಕಟ್ಟುವುದೇ ಇಲ್ಲ. 2007ರಲ್ಲಿ ಕಟ್ಟಲಿಲ್ಲ, ಆಮೇಲೂ ಹಾಗಾಗಿದೆ. ಹಿಮದ ದಾರಿ ಕೈಕೊಡುತ್ತಿರುವ ಹೊತ್ತಿಗೆ ಆಕಾಶದ ದಾರಿಯ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಇನೂಯಿಟ್ ಪರಿಧ್ರುವ ಮಂಡಳಿ ನೇಮಿಸಿದ ಆಯೋಗವೊಂದು ಎರಡೂ ದಡಗಳ ಜನರ ಅಹವಾಲು ಕೇಳಿ 2017ರಲ್ಲಿ ವರದಿ ಕೊಟ್ಟಾಗ, ತೆರೆನೀರಿನ ಉಸ್ತುವಾರಿಯ ಜೊತೆಗೇ ಈ ಪ್ರದೇಶದ ಇನೂಯಿಟ್ ಜನರಿಗೆ ಗಡಿ ದಾಟಿ ಓಡಾಡುವ ಸ್ವಾತಂತ್ರ್ಯ ಬೇಕೆಂದು ಕೇಳಿತ್ತು.

ನೇರ ವಿಮಾನ ಬೇಕೆಂಬ ಮಾತಿಗೆ ಬರುವ ಮೊದಲ ಆಕ್ಷೇಪ ಸಹಜವಾದದ್ದು: 144 ಮತ್ತು ಆರುನೂರು ಜನರ ನಡುವೆ ಎಷ್ಟು ಜನ ಓಡಾಡಿಯಾರು? ಬೇಡಿಕೆಯೇ ಇಲ್ಲದ ಮಾರ್ಗಕ್ಕೆ ವಿಮಾನವೇಕೆ? ಈ ವಾದ ತನ್ನ ಬಾಲವನ್ನು ತಾನೇ ಹಿಡಿದಿದೆ. ಸೇತುವೆಯಿಲ್ಲದ ಹೊಳೆಯನ್ನು ದಿನಕ್ಕೆ ಎಷ್ಟು ಜನ ದಾಟುತ್ತಾರೆಂದು ಎಣಿಸಿ ಸೇತುವೆ ಬೇಡವೆಂದರೆ ಯಾವ ಹೊಳೆಗೂ ಸೇತುವೆ ಬರುತ್ತಿರಲಿಲ್ಲ. ಜನಸಂಖ್ಯೆಯೇ ಮಾನದಂಡ ಎನ್ನುವವರು ಕಾನಾಕ್‌ನ ಪಕ್ಕದ ಸಿಯೊರಾಪಾಲುಕ್ ನೋಡಬೇಕು. ನೂರು ಜನರೂ ಇಲ್ಲದ ಆ ಹಳ್ಳಿಗೆ ಗ್ರೀನ್‌ಲ್ಯಾಂಡ್ ಆಡಳಿತದ ಒಪ್ಪಂದದಡಿ ಹೆಲಿಕಾಪ್ಟರ್ ಹೋಗಿಬರುತ್ತದೆ, ಯಾಕೆಂದರೆ ಹೋಗಬೇಕೆಂದು ಆಡಳಿತ ನಿರ್ಧರಿಸಿದೆ. ನಾರ್ವೆಯ ಫಿನ್ಮಾರ್ಕ್ ಇನ್ನೂ ಒಳ್ಳೆಯ ಉದಾಹರಣೆ. 1968ರಿಂದ ನಾರ್ವೆ ಸರ್ಕಾರ ದೇಶದ ಕರಾವಳಿಯುದ್ದಕ್ಕೂ ಚಿಕ್ಕ ರನ್‌ವೇಗಳನ್ನು ಕಟ್ಟಿಸುತ್ತ ಬಂತು, ಈಗ ಮಾರ್ಗಗಳನ್ನು ಟೆಂಡರ್ ಕರೆದು ಕೊಳ್ಳುತ್ತದೆ. ಬೆರ್ಲೆವೋಗ್ ಮತ್ತು ಬೋಟ್ಸ್‌ಫಿಯರ್ಡ್ ವಿಮಾನ ನಿಲ್ದಾಣಗಳ ನಡುವೆ 40 ಕಿ.ಮೀ. ಸಹ ಇಲ್ಲ, ಆದರೂ ವಿಮಾನ ಬಸ್ಸಿನಂತೆ ಊರೂರಿಗೆ ಇಳಿದು ಹತ್ತಿಸಿಕೊಂಡು ಹೋಗುತ್ತದೆ. ನಾರ್ವೆ ಎಣ್ಣೆಯ ಹಣವುಳ್ಳ ದೇಶ, ಅಲ್ಲಿ ರಸ್ತೆಯೂ ಇದೆ ಎಂದು ಹೇಳಬಹುದು. ಒಪ್ಪಿದೆ. ಆದರೆ ಕೆನಡಾ ಬಡ ದೇಶವಲ್ಲ. ರಸ್ತೆಯಿಲ್ಲದಿರುವುದು ವಿಮಾನ ಬೇಕೆಂಬುದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ದಾರಿ ತೆರೆದರೆ ಜನ ಬರುತ್ತಾರೆಂಬುದಕ್ಕೆ ಬೇರಿಂಗ್ ಜಲಸಂಧಿಯೇ ಸಾಕ್ಷಿ. 1948ರಲ್ಲಿ ಮುಚ್ಚಿದ್ದ ಅಲಾಸ್ಕ–ಸೈಬೀರಿಯ ಗಡಿ ದಾಟಿ 1988ರ ಜೂನ್ 13ರಂದು ನೋಮ್‌ನಿಂದ ಪ್ರೊವಿಡೆನಿಯಾಗೆ ಒಂದು ವಿಮಾನ ಹೋಯಿತು. ನಾಲ್ಕು ದಶಕ ಬೇರೆಯಾಗಿದ್ದ ನೆಂಟರು ಒಬ್ಬರನ್ನೊಬ್ಬರು ಕಂಡರು. ಮರುವರ್ಷವೇ ಎರಡು ಸರ್ಕಾರಗಳು ಅಲ್ಲಿನ ಮೂಲನಿವಾಸಿಗಳಿಗೆ ವೀಸಾ ಇಲ್ಲದೆ ಓಡಾಡಲು ಒಪ್ಪಂದ ಮಾಡಿಕೊಂಡವು. ಜಲಸಂಧಿಯ ಅಗಲ ಆ ವರ್ಷ ಒಂದಿಂಚೂ ಬದಲಾಗಿರಲಿಲ್ಲ.

ಹಣದ ಆಕ್ಷೇಪ ಇದಕ್ಕಿಂತ ಗಟ್ಟಿ. ಅಂಥ ಮಾರ್ಗ ಎಂದೂ ಲಾಭ ತರುವುದಿಲ್ಲ, ಸಹಾಯಧನ ನಿಂತ ದಿನ ನಿಲ್ಲುತ್ತದೆ. ಇಕಾಲುಇಟ್–ನೂಕ್ ಮಾರ್ಗ ಹಿಂದೆ ಶುರುವಾಗಿ ನಿಂತು, ಮತ್ತೆ 2024ರ ಬೇಸಿಗೆಯಲ್ಲಿ ಋತುವಿನ ಸೇವೆಯಾಗಿ ಮರಳಿದ್ದನ್ನು ನೋಡಿದರೆ ಈ ಅನುಮಾನ ಸುಳ್ಳಲ್ಲ. ನಮ್ಮ ಉಡಾನ್ ಯೋಜನೆಯ ಅನುಭವವೂ ಇದೇ ಎಚ್ಚರಿಕೆ ಹೇಳುತ್ತದೆ: 2023ರ ಸಿಎಜಿ ವರದಿಯಂತೆ ಹಂಚಿದ 774 ಮಾರ್ಗಗಳಲ್ಲಿ 403 ಶುರುವಾಗಲೇ ಇಲ್ಲ, ಶುರುವಾದವುಗಳಲ್ಲಿ ಮೂರು ವರ್ಷದ ಅವಧಿ ಮುಗಿಸಿದವು 112 ಮಾತ್ರ. ಆದರೆ ಉಡಾನ್‌ನ ಲೆಕ್ಕಾಚಾರ ಮೂರು ವರ್ಷ ಕೈಹಿಡಿದರೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲುತ್ತದೆ ಎಂಬುದು. ಹಿಮನಾಡಿನಲ್ಲಿ ಹಾಗೆ ನಿರೀಕ್ಷಿಸುವುದೇ ತಪ್ಪು. ಅಲ್ಲಿ ವಿಮಾನವನ್ನು ರಸ್ತೆಯಂತೆ ಕಾಣಬೇಕು, ರಸ್ತೆ ಲಾಭ ಮಾಡಿತೇ ಎಂದು ಯಾರೂ ಕೇಳುವುದಿಲ್ಲ. ಅಲ್ಲದೆ ಉತ್ತರದ ಆಕಾಶದಲ್ಲಿ ಸರ್ಕಾರದ ಹಣ ಈಗಲೂ ಹರಿಯುತ್ತಲೇ ಇದೆ. ರೋಗಿಗಳ ಟಿಕೆಟ್, ಅಧಿಕಾರಿಗಳ ಪ್ರವಾಸ, 2011ರಲ್ಲಿ ಶುರುವಾದ ನ್ಯೂಟ್ರಿಷನ್ ನಾರ್ತ್ ಯೋಜನೆಯಡಿ ಆಹಾರಕ್ಕೆ ಸಿಗುವ ರಿಯಾಯಿತಿ, ಇವೆಲ್ಲ ವಿಮಾನಗಳ ಹೊಟ್ಟೆ ತುಂಬಿಸುತ್ತವೆ. 2014ರಲ್ಲಿ ಕೆನಡಾದ ಮಹಾಲೆಕ್ಕ ಪರಿಶೋಧಕರು ಆ ಆಹಾರ ಯೋಜನೆಗೆ ಊರುಗಳನ್ನು ಆರಿಸಿದ್ದು ಅಗತ್ಯ ನೋಡಿಯಲ್ಲ, ಹಳೆಯ ಯೋಜನೆಯನ್ನು ಯಾರು ಎಷ್ಟು ಬಳಸುತ್ತಿದ್ದರೆಂಬುದನ್ನು ನೋಡಿ ಎಂದು ಆಕ್ಷೇಪಿಸಿದ್ದರು. ಮಾರ್ಗಗಳ ಕಥೆಯೂ ಅದೇ. ಹಣವಿಲ್ಲದ್ದಲ್ಲ, ಅದು ಹಳೆಯ ಕಾಲುವೆಯಲ್ಲೇ ಹರಿಯುತ್ತಿದೆ.

ಉಳಿದ ಆಕ್ಷೇಪಗಳು ಇಷ್ಟು ತೂಕದವಲ್ಲ. ಗಡಿ ತಪಾಸಣೆಗೆ ಅಧಿಕಾರಿಗಳು ಬೇಕು ಎನ್ನುತ್ತಾರೆ. ಹ್ಯಾನ್ಸ್ ದ್ವೀಪ ಎಂಬ ಬೋಳು ಬಂಡೆಗಾಗಿ ದಶಕಗಟ್ಟಲೆ ಪತ್ರ ಬರೆದು 2022ರ ಜೂನ್‌ನಲ್ಲಿ ಅದನ್ನು ನಡುವೆ ಗೆರೆಯೆಳೆದು ಹಂಚಿಕೊಂಡ ಎರಡು ದೇಶಗಳಿಗೆ ತಿಂಗಳಿಗೊಮ್ಮೆ ಹನ್ನೆರಡು ಪಾಸ್‌ಪೋರ್ಟ್ ನೋಡಲು ಒಬ್ಬರನ್ನು ಕಳಿಸುವುದು ಕಷ್ಟವಾಗಲಾರದು. ಉಪಗ್ರಹದ ಇಂಟರ್ನೆಟ್ ಬಂದಿದೆ, ವಿಡಿಯೊದಲ್ಲಿ ಮಾತಾಡಬಹುದಲ್ಲ ಎಂಬುದು ಇನ್ನೊಂದು. ಮಾತಾಡಬಹುದು, ನಾಯಿಮರಿ ಕೊಟ್ಟುಕೊಳ್ಳಲು, ಹೆಣ್ಣುಗಂಡು ನೋಡಲು, ಮಣ್ಣಿಗೆ ಹೋಗಲು ಆಗುವುದಿಲ್ಲ. ವಿಮಾನದ ಹೊಗೆಯ ಪ್ರಶ್ನೆ ನಿಜವಾದದ್ದೇ, ಆದರೆ ಹೋಗಲೇಬೇಕಾದವರು ಈಗ ಹನ್ನೆರಡು ಪಟ್ಟು ಸುತ್ತಿ ಹೋಗುತ್ತಾರೆ. ನಾನು ಇಲ್ಲಿ ವಾರದ ವಿಮಾನ ಕೇಳುತ್ತಿಲ್ಲ. ರೆಸಲ್ಯೂಟ್‌ನಿಂದ ಗ್ರೀಸ್ ಫಿಯರ್ಡ್‌ಗೆ ಹೇಗೂ ಬರುವ ಟ್ವಿನ್ ಆಟರ್ ಬೆಳಕಿರುವ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಇನ್ನೊಂದೂಕಾಲು ಗಂಟೆ ಮುಂದಕ್ಕೆ ಹೋಗಿಬರಲಿ, ಅದರ ಖರ್ಚನ್ನು 1953ರ ಎರಡು ಸರ್ಕಾರಗಳು ಹಂಚಿಕೊಳ್ಳಲಿ ಎಂಬಷ್ಟೇ ಪ್ರಸ್ತಾಪ. ಜೊತೆಗೆ ಉತ್ತರದ ಊರುಗಳ ದೂರದ ಪಟ್ಟಿ ತಯಾರಿಸುವವರು ಕಿಲೋಮೀಟರಿನ ಪಕ್ಕದಲ್ಲಿ ಇನ್ನೊಂದು ಅಂಕಣ ಸೇರಿಸಿ, ನಿಗದಿತ ವಿಮಾನ ಹಿಡಿದು ಹೊರಟವರು ದಾರಿಯಲ್ಲಿ ಎಷ್ಟು ರಾತ್ರಿ ಮಲಗಬೇಕೆಂದು ಬರೆಯಲಿ.

2010ರಲ್ಲಿ ಕೆನಡಾದ ಆ 1953ರ ಸ್ಥಳಾಂತರದ ನೆನಪಿಗೆ ಎರಡು ಕಲ್ಲಿನ ಪ್ರತಿಮೆಗಳನ್ನು ನಿಲ್ಲಿಸಿದರು. ರೆಸಲ್ಯೂಟ್‌ನಲ್ಲಿ ಸಿಮಿಯೋನಿ ಅಮಾಗೊಆಲಿಕ್ ಕೆತ್ತಿದ ಒಬ್ಬಂಟಿ ಗಂಡಸು. ಗ್ರೀಸ್ ಫಿಯರ್ಡ್‌ನಲ್ಲಿ ಲೂಟಿ ಪಿಜಮಿನಿ ಕೆತ್ತಿದ ಹೆಂಗಸು, ಅವಳ ಜೊತೆ ಒಬ್ಬ ಹುಡುಗ, ಒಂದು ನಾಯಿ. ಹಡಗಿನಿಂದ ಇಳಿಸುವಾಗ ಬೇರೆ ಬೇರೆ ಊರಿಗೆ ಹಂಚಿಹೋದ ಕುಟುಂಬಗಳ ಗುರುತು ಅವು. ಆ ಹೆಂಗಸು ನೀರಿನಾಚೆ ರೆಸಲ್ಯೂಟ್ ಇರುವ ಕಡೆಗೆ ನೋಡುತ್ತಾಳೆ. ಟ್ವಿನ್ ಆಟರ್ ಬರುವುದೂ ಆ ಕಡೆಯಿಂದಲೇ, ಹೋಗುವುದೂ ಆ ಕಡೆಗೇ.